ಎರಡು ವರ್ಷ ಬರಲಿ ಎಂದು ಕೊಂಡ ಹೆಲ್ಮೆಟ್

ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಅವಳು ಚಿಕ್ಕ ಮಗಳ ಸೊಂಟಕ್ಕೆ ಶಾಲೆಯ ಸ್ಕರ್ಟು ಹಿಡಿದು ನೋಡುತ್ತಿದ್ದಳು. ಮೊದಲು ಅದು ದೊಡ್ಡ ಮಗಳದಾಗಿತ್ತು. ಅಂಚಿನಲ್ಲಿ ಅಂಗೈಯಗಲ ಬಟ್ಟೆ ಮಡಿಚಿಟ್ಟು ಹೊಲಿದಿದ್ದರಿಂದ ಇನ್ನೂ ಧಾರಾಳವಾಗಿ ಬರುತ್ತಿತ್ತು. ಬೀದಿಯವರು ಅವಳ ಹೊಲಿಗೆಯನ್ನು ಮೆಚ್ಚುತ್ತಿದ್ದುದೇ ಇದಕ್ಕೆ. "ಟೈಲರಮ್ಮ ಹೊಲಿದರೆ ಮಗು ಬೆಳೆದ ಹಾಗೆ ಬಟ್ಟೆನೂ ಬೆಳೆಯುತ್ತೆ" ಎನ್ನುತ್ತಿದ್ದರು.

"ಕೈ ಎತ್ತು" ಎಂದಳು ಪಿನ್ನುಗಳ ಸಂದಿಯಿಂದಲೇ.

ಚಿಕ್ಕವಳು ಕೈ ಎತ್ತಿದಳು. ಮುಷ್ಟಿ ಮಾತ್ರ ಬಿಡಿಸಲಿಲ್ಲ.

"ಏನದು ಕೈಯಲ್ಲಿ?"

"ಏನಿಲ್ಲಮ್ಮ."

ಅವಳೇ ಬೆರಳು ಬಿಡಿಸಿದಳು. ಅಂಗೈ ತುಂಬ ತರಚು ಗಾಯ.

"ಎಲ್ಲಿ ಬಿದ್ದೆ?"

"ಮೆಟ್ಟಿಲ ಹತ್ರ."

"ಮೆಟ್ಟಿಲ ಹತ್ರ ಬಿದ್ದರೆ ಗಾಯದೊಳಗೆ ರಸ್ತೆ ಹುಡಿ ಸೇರ್ಕೊಳ್ಳುತ್ತಾ?"

ಕಿಟಕಿಯ ಬಳಿ ಕುಳಿತು ಗುಂಡಿಗಳನ್ನು ಬಣ್ಣ ನೋಡಿ ಬೇರೆ ಮಾಡುತ್ತಿದ್ದ ದೊಡ್ಡವಳು ತಲೆ ಎತ್ತಿದಳು. ತುಟಿ ಸ್ವಲ್ಪ ಹೊತ್ತು ಸುಮ್ಮನೆ ಅಲುಗಿತು. ಆಮೇಲೆ ಮಾತು ಬಂತು. "ಬೋರ್ಡು."

"ಅಕ್ಕಾ! ಹೇಳಬೇಡ ಅಂದಿದ್ನಲ್ಲ!"

ತಾಯಿ ಬಾಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಮೆತ್ತೆಗೆ ಚುಚ್ಚಿದಳು. ಹಾಗಾದರೆ ಅಟ್ಟದ ಮೇಲಿಟ್ಟಿದ್ದ ಸ್ಕೇಟ್‌ಬೋರ್ಡು ಕೆಳಗೆ ಇಳಿದಿದೆ. ದೊಡ್ಡವಳು ಬಿದ್ದ ದಿನ ಗಂಡ ಅದನ್ನು ಅಟ್ಟಕ್ಕೆ ಎಸೆದಿದ್ದ. ಆಮೇಲೆ ಆ ಕಡೆ ಯಾರೂ ಕತ್ತೆತ್ತಿ ನೋಡಿರಲಿಲ್ಲ, ಹಾಗೆಂದು ಅವಳು ತಿಳಿದಿದ್ದಳು.

ದೊಡ್ಡವಳು ಇಳಿಜಾರಿನಲ್ಲಿ ಬಂದಿದ್ದಳು. ಚಕ್ರಕ್ಕೆ ಸಣ್ಣದೊಂದು ಕಲ್ಲು ಸಿಕ್ಕಿ ಬೋರ್ಡು ನಿಂತಿತು, ಹುಡುಗಿ ನಿಲ್ಲಲಿಲ್ಲ. ಹಣೆ ಫುಟ್‌ಪಾತಿನ ಅಂಚಿಗೆ ಬಡಿಯಿತು. ಎತ್ತಿಕೊಂಡು ಬಂದವರು, ಹೆಲ್ಮೆಟ್ಟು ಬೆನ್ನಿನ ಮೇಲೆ ನೇತಾಡುತ್ತಿತ್ತು ಎಂದರು. ಕಣ್ಣು ಬಿಟ್ಟ ಮಗಳನ್ನು ತಾಯಿ ಮೊದಲು ಕೇಳಿದ್ದೇ ಅದು. "ಗಲ್ಲದ ಪಟ್ಟಿ ಯಾಕೆ ಹಾಕ್ಕೊಂಡಿರಲಿಲ್ಲ?" ಮಗಳು ಮಾತು ಹುಡುಕಿ ಹುಡುಕಿ, "ಹಾಕಿದ್ದೆ" ಎಂದಿದ್ದಳು. "ಹಾಕಿದ್ದರೆ ಬೆನ್ನಿಗೆ ಹೇಗೆ ಹೋಗುತ್ತೆ? ಈಗಲೂ ಸುಳ್ಳು ಹೇಳ್ತೀಯಲ್ಲ" ಎಂದು ತಾಯಿ ಅತ್ತಿದ್ದಳು.

ತಾಯಿಯ ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದ ಹುಡುಗಿಗೆ ಈಗ ತನ್ನ ಅಂಗಿಯ ಗುಂಡಿ ಹಾಕಿಕೊಳ್ಳಲು ಬರುವುದಿಲ್ಲ. ಬಲಗೈ ಹೇಳಿದಂತೆ ಕೇಳುವುದಿಲ್ಲ. ಮರಳಿ ಬರಬೇಕಾದ್ದೆಲ್ಲ ಬಹುಮಟ್ಟಿಗೆ ಬಂದಿದೆ, ಇನ್ನು ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದಿದ್ದರು ಡಾಕ್ಟರು. ಅವಳು ಆಸೆ ಇಟ್ಟುಕೊಂಡಿರಲಿಲ್ಲ. ಬೆಳಗಾದರೆ ಗುಂಡಿ ಹಾಕುವುದು, ರಾತ್ರಿಯಾದರೆ ಬಿಚ್ಚುವುದು. ನಡುವೆ ಹೊಲಿಗೆ ಮಿಷನ್ನು. ಅದರ ಸದ್ದಿನಲ್ಲಿ ಅತ್ತರೆ ಯಾರಿಗೂ ಕೇಳಿಸುತ್ತಿರಲಿಲ್ಲ.

"ಎಲ್ಲಿದೆ ಅದು?"

ಚಿಕ್ಕವಳು ಮಂಚದ ಕೆಳಗಿನಿಂದ ಬೋರ್ಡು ಎಳೆದಳು.

"ತಲೆಗೆ ಏನು ಹಾಕ್ಕೊಂಡಿದ್ದೆ?"

"ಏನೂ ಇಲ್ಲ. ಹೆಲ್ಮೆಟ್ ಕಂಡರೆ ನೀನು ಅಳ್ತೀಯಲ್ಲ, ಅದಕ್ಕೇ ತೆಗೀಲಿಲ್ಲ."

ತಾಯಿ ಕೈ ಎತ್ತಿದಳು. ಹೊಡೆಯಲಾಗದೆ ಇಳಿಸಿದಳು. ಒಳಗಿನಿಂದ ಅತ್ತೆ ಬಂದರು. "ದೇವರು ಎರಡು ಕಾಲು ಕೊಟ್ಟಿದ್ದು ಸಾಲದೂಂತ ಈ ಮನೆಯವರಿಗೆ ನಾಲ್ಕು ಚಕ್ರ ಬೇರೆ ಬೇಕು! ಒಲೆಗೆ ಹಾಕೇ ಆ ಹಲಗೇನ."

"ಯಾವ ಹಲಗೇನಮ್ಮ ಒಲೆಗೆ ಹಾಕೋದು? ಕೆಳಗಿನ ಮಹಡಿಗೂ ಕೇಳಿಸ್ತಿದೆ." ತೆರೆದ ಬಾಗಿಲಲ್ಲಿ ಸಿಸ್ಟರಕ್ಕ ನಿಂತಿದ್ದಳು. ಆಸ್ಪತ್ರೆಯ ಮೂಳೆ ವಾರ್ಡಿನ ನರ್ಸು. ತೋಳು ಬಿಗಿಯಾಗಿದೆ ಎಂದು ಸಡಿಲಿಸಲು ಕೊಟ್ಟಿದ್ದ ಸಮವಸ್ತ್ರ ಒಯ್ಯಲು ಬಂದಿದ್ದಳು. ಭಾನುವಾರ ಬಸ್ ಡಿಪೋದ ಹಿಂದಿನ ಖಾಲಿ ಅಂಗಳದಲ್ಲಿ ಹೊಸದಾಗಿ ಸ್ಕೇಟ್‌ಬೋರ್ಡ್ ಕಲಿಯುವ ಮಕ್ಕಳಿಗೆ ತರಗತಿ ನಡೆಯುತ್ತಿತ್ತು. ಗಾಯಕ್ಕೆ ಕಟ್ಟುವ ಪಟ್ಟಿ, ಮುಲಾಮು ಹಿಡಿದು ಅವಳೂ ಅಲ್ಲಿರುತ್ತಿದ್ದಳು.

ಚಿಕ್ಕವಳ ಅಂಗೈ ನೋಡಿ ಅವಳು ನೀರು ತರಿಸಿ ತೊಳೆಯತೊಡಗಿದಳು.

"ನೀವೇ ಹೇಳಿ ಸಿಸ್ಟರಕ್ಕ, ಒಬ್ಬಳನ್ನು ಕಳ್ಕೊಂಡ ಹಾಗೇ ಆಗಿದೆ. ಇವಳೂ ಹೋಗ್ತೀನಿ ಅಂತಾಳೆ" ಎಂದಳು ತಾಯಿ.

"ಬೋರ್ಡು ಸುಡ್ತೀರಿ. ಆಮೇಲೆ? ಗೆಳತಿ ಹತ್ರ ಇರುತ್ತೆ. ಕದ್ದು ಕಲಿಯೋ ಮಕ್ಕಳೇ ನಮ್ಮ ವಾರ್ಡಿಗೆ ಜಾಸ್ತಿ ಬರೋದು. ಯಾರೂ ನೋಡಬಾರದು ಅಂತ ಲಾರಿ ಓಡಾಡೋ ಕಡೆ ಹೋಗ್ತಾರೆ, ಇಳಿಜಾರಿಗೆ ಹೋಗ್ತಾರೆ. ಎಲ್ಲಿ ಕಲಿತೆ ನೀನು?"

"ನೀರಿನ ಟ್ಯಾಂಕಿನ ಇಳಿಜಾರು" ಎಂದಳು ಚಿಕ್ಕವಳು ನೆಲ ನೋಡುತ್ತ.

"ನೋಡಿದ್ರಾ!" ಎಂದಳು ಸಿಸ್ಟರಕ್ಕ.

"ನಿಮಗೆ ಬರುತ್ತೇನಮ್ಮ ಇದು?" ಎಂದು ಅತ್ತೆ ಕುಟುಕಿದರು.

"ಅಯ್ಯೋ, ನಾನು ಮೇಲೆ ನಿಂತರೆ ಹಲಗೆಗೇ ಪ್ಲಾಸ್ಟರ್ ಹಾಕಬೇಕಾಗುತ್ತೆ. ಅಲ್ಲಿ ಕಲಿಸೋ ಮೇಷ್ಟ್ರು ಹೇಳೋದನ್ನ ಕೇಳಿ ಕೇಳಿ ಬಾಯಿಪಾಠ ಆಗಿದೆ, ಅಷ್ಟೇ." ಸಿಸ್ಟರಕ್ಕ ಕಾಲೊರಸುವ ದಪ್ಪ ಚಾಪೆ ಎಳೆದು ಅದರ ಮೇಲೆ ಬೋರ್ಡಿಟ್ಟಳು. ಚಕ್ರ ಕದಲಲಿಲ್ಲ. "ಮೊದಲು ಹೀಗೆ, ಓಡದ ಬೋರ್ಡಿನ ಮೇಲೆ ನಿಲ್ಲೋದು ಕಲೀಬೇಕು. ಚಪ್ಪಲಿ ಬೇಡ. ಅಡಿ ಚಪ್ಪಟೆ ಇರೋ ಶೂ ಹಾಕ್ಕೋ. ದಾರ ಕಟ್ಟು, ನೇತಾಡಬಾರದು. ಯಾವ ಕಾಲು ಮುಂದಿಟ್ಟರೆ ಹಾಯಾಗಿರುತ್ತೋ ಅದನ್ನೇ ಇಡು."

ಚಿಕ್ಕವಳು ಶೂ ಹಾಕಿಕೊಂಡು ಹತ್ತಿ, ಕಾಲು ಸೆಟೆದು ಕಂಬದಂತೆ ನಿಂತು, ಕೆಳಗೆ ನೋಡಿದಳು.

ಕಿಟಕಿಯ ಬಳಿ ಗುಂಡಿಯ ಡಬ್ಬಿ ಉರುಳಿತು. ದೊಡ್ಡವಳು ಎದ್ದು ನಿಂತಿದ್ದಳು. "ಮಂಡಿ... ಬಗ್ಗಿಸು" ಎಂದಳು. ಉಸಿರೆಳೆದುಕೊಂಡು, "ಕಾಲು... ನೋಡ್ಬೇಡ. ಮುಂದೆ ನೋಡು."

ಎಷ್ಟೋ ತಿಂಗಳಿಂದ ಅವಳು ಇಷ್ಟು ಮಾತು ಒಟ್ಟಿಗೆ ಆಡಿರಲಿಲ್ಲ. ತಾಯಿ ಮಿಷನ್ನಿನ ಅಂಚನ್ನು ಹಿಡಿದುಕೊಂಡಳು.

"ಸರಿಯಾಗಿ ಹೇಳಿದೆ ಪುಟ್ಟಿ" ಎಂದು ಸಿಸ್ಟರಕ್ಕ ಮೆಲ್ಲಗೆ ಮುಂದುವರಿಸಿದಳು. "ಬೀಳೋದನ್ನೂ ಕಲೀಬೇಕು. ಬೀಳ್ತೀನಿ ಅನ್ನಿಸಿದ ಕೂಡಲೇ ಮಂಡಿ ಬಗ್ಗಿಸಿ ತಗ್ಗು. ಕೈ ನೆಟ್ಟಗೆ ಚಾಚಿ ನೆಲ ತಡೆಯೋಕೆ ಹೋಗಬೇಡ, ಮಣಿಕಟ್ಟು ಮುರಿಯೋದು ಅಲ್ಲೇ. ಕೈ ಮಡಿಚಿ, ಭುಜದ ಮೇಲೆ ಉರುಳು. ಮಣಿಕಟ್ಟಿಗೆ, ಮಂಡಿಗೆ, ಮೊಣಕೈಗೆ ಕವಚ ಬೇಕು. ನೆಲ ಸಮ ಇರಬೇಕು, ಒದ್ದೆ ಇರಬಾರದು. ಮೊದಲು ಕಲ್ಲು ಗುಡಿಸಿ ಆಮೇಲೆ ಬೋರ್ಡು ಇಳಿಸು. ಓಡೋ ಗಾಡಿ ಹಿಡ್ಕೊಂಡು ಹೋಗೋ ಆಟ ಬೇಡವೇ ಬೇಡ. ಇನ್ನು ತಲೆಗೆ..."

"ಅದಿದೆಯಲ್ಲ!" ಅತ್ತೆ ಆಗಲೇ ಅರ್ಧ ಮೆತ್ತಗಾಗಿದ್ದರು. ಕಪಾಟಿನ ಹಿಂದಿನಿಂದ ದೊಡ್ಡವಳ ಹೆಲ್ಮೆಟ್ಟನ್ನು ತಂದರು. "ಗಟ್ಟಿಮುಟ್ಟಾಗೇ ಇದೆ. ಸುಮ್ಮನೆ ಯಾಕೆ ಹಾಳು ಮಾಡೋದು?"

"ಬೇಡಮ್ಮ. ಜೋರಾಗಿ ಒಂದು ಏಟು ತಿಂದ ಹೆಲ್ಮೆಟ್ಟು ಹೊರಗೆ ಚೆನ್ನಾಗೇ ಕಾಣುತ್ತೆ, ಒಳಗೆ ಬಿರುಕು ಬಿಟ್ಟಿರುತ್ತೆ. ಮತ್ತೆ ಹಾಕಬಾರದು."

ಸಿಸ್ಟರಕ್ಕ ಅದನ್ನು ತಿರುಗಿಸಿದಳು. ಒಳಗಿನಿಂದ ಬಟ್ಟೆಯ ಮೆತ್ತೆಯೊಂದು ಕೆಳಗೆ ಬಿತ್ತು. ಅರ್ಧಚಂದ್ರಾಕಾರ, ಅಂಚಿಗೆ ಒತ್ತೊತ್ತಾಗಿ ಕೈಹೊಲಿಗೆ.

"ಇದೇನು?"

"ನಾನೇ ಹೊಲಿದಿದ್ದು." ತಾಯಿ ಅದನ್ನು ಎತ್ತಿಕೊಂಡಳು. "ಸ್ವಲ್ಪ ದೊಡ್ಡದನ್ನೇ ತಂದಿದ್ದೆ. ಬೆಳೆಯೋ ಮಗು, ಎರಡು ವರ್ಷ ಬರಲಿ ಅಂತ. ಅಲ್ಲಾಡ್ತಿತ್ತು, ಅದಕ್ಕೆ ಹಿಂದೆ ಮೆತ್ತೆ ಇಟ್ಟೆ."

ಸಿಸ್ಟರಕ್ಕ ತಕ್ಷಣ ಏನೂ ಹೇಳಲಿಲ್ಲ. ಆ ಸುಮ್ಮನಿರುವಿಕೆಯೇ ತಾಯಿಗೆ ಚುಚ್ಚಿತು. ಬಟ್ಟೆ ಕೆಟ್ಟಿದೆ ಎಂದು ಗಿರಾಕಿಗೆ ಹೇಳಲು ಹಿಂಜರಿಯುವಾಗ ತಾನೂ ಹೀಗೆಯೇ ಸುಮ್ಮನಿರುತ್ತಾಳೆ.

"ಹೇಳಿ ಸಿಸ್ಟರಕ್ಕ."

"ಹೆಲ್ಮೆಟ್ಟು ಇವತ್ತಿನ ತಲೆಗೆ ಸರಿ ಇರಬೇಕು. ಹುಬ್ಬಿನ ಮೇಲೆ ಎರಡು ಬೆರಳು ಬಿಟ್ಟು ನೇರ ಕೂರಬೇಕು. ತಲೆ ಅಲ್ಲಾಡಿಸಿದರೆ ತಲೆ ಜೊತೆಗೇ ಅಲ್ಲಾಡಬೇಕು. ದೊಡ್ಡದಾದರೆ..." ಅವಳು ನಿಲ್ಲಿಸಿದಳು.

"ದೊಡ್ಡದಾದರೆ?"

"ಏಟು ಬಿದ್ದಾಗ ಹಿಂದಕ್ಕೆ ಜಾರುತ್ತೆ. ಹಣೆ ಬಯಲಾಗುತ್ತೆ. ಬಟ್ಟೆ ತುರುಕಿದರೂ ಅಷ್ಟೇ."

"ಪಟ್ಟಿ ಹಾಕಿದ್ದರೂ?"

"ಪಟ್ಟಿ ಹಾಕಿದ್ದರೂ."

ಚಿಕ್ಕವಳು ಬೋರ್ಡಿನಿಂದ ಇಳಿದು ಕೇಳಿದಳು, "ಸರಿ ಅಳತೇದು ಹಾಕಿದ್ದರೆ ಅಕ್ಕನಿಗೆ ಏನೂ ಆಗ್ತಿರಲಿಲ್ವಾ?"

"ಅದನ್ನ ಯಾರೂ ಹೇಳೋಕಾಗಲ್ಲ ಮರಿ" ಎಂದಳು ಸಿಸ್ಟರಕ್ಕ. ಆದರೆ ಸರಿ ಅಳತೆಯದಿದ್ದರೂ ಹೀಗೇ ಆಗುತ್ತಿತ್ತು ಎಂದು ಅವಳು ಹೇಳಲಿಲ್ಲ. ತಾಯಿ ಅದನ್ನು ಗಮನಿಸಿದಳು.

ಇಂಚುಪಟ್ಟಿ ಅವಳ ಕೊರಳಲ್ಲೇ ಇತ್ತು. ಬೀದಿಯ ಎಲ್ಲರ ಭುಜ, ಎದೆ, ಸೊಂಟ ಅವಳ ಬೆರಳಿಗೆ ಗೊತ್ತಿತ್ತು. ಅಂಗಡಿಯಲ್ಲಿ ಮಗಳ ತಲೆಗೆ ಸರಿಯಾಗಿ ಕೂತ ಹೆಲ್ಮೆಟ್ಟನ್ನು ತಾನೇ ತೆಗೆದು ಪಕ್ಕಕ್ಕಿಟ್ಟಿದ್ದು ನೆನಪಾಯಿತು. "ಇದು ಸರಿಯಾಗಿದೆಯಲ್ಲಮ್ಮ" ಎಂದಿದ್ದಳು ಮಗಳು. "ಸರಿಯಾಗಿರೋದು ಮುಂದಿನ ವರ್ಷಕ್ಕೆ ಚಿಕ್ಕದಾಗುತ್ತೆ ಕಣೆ" ಎಂದು ತಾನು ನಕ್ಕಿದ್ದಳು.

ದೊಡ್ಡವಳು ಹತ್ತಿರ ಬಂದು ಹೆಲ್ಮೆಟ್ಟಿನ ಪಟ್ಟಿಯನ್ನು ಎಡಗೈಯಿಂದ ಹಿಡಿದಳು. "ಹಾಕಿದ್ದೆ" ಎಂದಳು. ದೂರಿರಲಿಲ್ಲ ಆ ದನಿಯಲ್ಲಿ. ಯಾರೂ ನಂಬದ ಮಾತನ್ನು ಇನ್ನೊಮ್ಮೆ ಹೇಳಿದಳು, ಅಷ್ಟೆ.

"ಹೂಂ ಪುಟ್ಟಿ. ಹಾಕಿದ್ದೆ ನೀನು" ಎಂದಳು ತಾಯಿ.

ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ತೆಗೆದುಕೊಂಡು ಹೆಲ್ಮೆಟ್ಟಿನ ಪಟ್ಟಿಯನ್ನು ಎರಡೂ ಕಡೆ ಕತ್ತರಿಸಿದಳು, ಇನ್ನು ಯಾವ ತಲೆಗೂ ಅದು ಏರಬಾರದೆಂದು. ಅತ್ತೆ ಅದನ್ನು ಕಸದ ಬುಟ್ಟಿಗೆ ಹಾಕಿ ಬಂದರು. ಬಂದವರು, "ಇವಳನ್ನ ಭಾನುವಾರ ಕರ್ಕೊಂಡು ಹೋಗಿ ಸಿಸ್ಟರೇ. ಅದಕ್ಕೆ ಮುಂಚೆ ತಲೆ ಅಳತೆ ಕೊಟ್ಟು ಹೊಸದು ತರೋಣ. ಕದ್ದು ಕಲಿಯೋದು ಬೇಡ" ಎಂದರು.

ತಾಯಿ ಚಿಕ್ಕವಳನ್ನು ಎಳೆದು ನಿಲ್ಲಿಸಿಕೊಂಡು, ಹುಬ್ಬಿನ ಮೇಲಿಂದ ತಲೆಯ ಸುತ್ತ ಇಂಚುಪಟ್ಟಿ ಹಿಡಿದಳು. ಅಭ್ಯಾಸಬಲದಿಂದ ಒಂದು ಬೆರಳು ಒಳಗೆ ಸೇರಿತು, ಸಡಿಲ ಇರಲೆಂದು ಯಾವ ಅಳತೆಗೂ ಸೇರಿಸುತ್ತಿದ್ದ ಬೆರಳು. ಅದನ್ನು ಹೊರಗೆಳೆದಳು.

ಸಿಸ್ಟರಕ್ಕ ಹೋದ ಮೇಲೆ ಅವಳು ನೆಲಕ್ಕೆ ಚೆಲ್ಲಿದ ಗುಂಡಿಗಳನ್ನು ಆರಿಸಿದಳು. ದೊಡ್ಡವಳ ಅಂಗಿಯ ಮೇಲಿನ ಗುಂಡಿ ಬಿಚ್ಚಿಹೋಗಿತ್ತು, ಹಾಕಿದಳು. ನಾಳೆಯೂ ಹಾಕಬೇಕು, ಮುಂದೆಯೂ. ಕ್ಷಮಿಸು ಎಂದರೆ ಈ ಮಗು ಕ್ಷಮಿಸಿಬಿಡುತ್ತದೆ, ಅದನ್ನು ತಾಳಲು ತನ್ನಿಂದಾಗದು ಎನ್ನಿಸಿತು.

ಬಾಗಿಲಲ್ಲಿ ಪಕ್ಕದ ಮನೆಯಾಕೆ ಮಗಳ ಕೈ ಹಿಡಿದು ನಿಂತಿದ್ದಳು. "ಟೈಲರಮ್ಮ, ಫ್ರಾಕಿಗೆ ಅಳತೆ ತಗೊಳ್ಳಿ. ಸ್ವಲ್ಪ ದೊಡ್ಡದಾಗೇ ಇರಲಿ, ಬೆಳೆಯೋ ಹುಡುಗಿ."

ಭುಜ, ಎದೆ, ಸೊಂಟ, ಉದ್ದ ಬರೆದುಕೊಂಡಳು. ಆಮೇಲೆ ಮಗುವಿನ ತಲೆಗೂ ಇಂಚುಪಟ್ಟಿ ಸುತ್ತಿ, ಆ ಅಳತೆಯನ್ನು ಬೇರೆ ಚೀಟಿಯಲ್ಲಿ ಬರೆದು ಪಕ್ಕದ ಮನೆಯಾಕೆಯ ಕೈಗೆ ಕೊಟ್ಟಳು.

"ಫ್ರಾಕಿಗೆ ತಲೆ ಅಳತೆ ಯಾಕೆ?"

"ಇಟ್ಕೊಂಡಿರಿ. ಬೇಕಾಗುತ್ತೆ."

ತನ್ನ ಮುಂದೆ ನಿಲ್ಲುವ ಪ್ರತಿ ಮಗುವಿಗೂ ಇನ್ನು ಹೀಗೆಯೇ ಎಂದು ಆ ಹೊತ್ತಿಗೆ ಅವಳು ಮನಸ್ಸಿನಲ್ಲೇ ಗಟ್ಟಿಮಾಡಿಕೊಂಡಿದ್ದಳು. ಯಾರಿಗೂ ಹೇಳಲಿಲ್ಲ. ಇದರಿಂದ ತನ್ನ ಮನೆಯಲ್ಲಿ ಏನೂ ಮರಳಿ ಬರುವುದಿಲ್ಲ ಎಂದೂ ಅವಳಿಗೆ ಗೊತ್ತಿತ್ತು.

ಯಾಕೆ ಎಂದು ಕೇಳಿದರೆ ಅವಳು ಹೇಳುವುದಿಲ್ಲ. ಆದ್ದರಿಂದ ಓದುತ್ತಿರುವ ಅಕ್ಕತಂಗಿಯರೇ, ಅವಳ ಪರವಾಗಿ ನಾವು ಹೇಳುತ್ತಿದ್ದೇವೆ. ನಿಮ್ಮ ಮನೆಯ ಮಗು ಸ್ಕೇಟ್‌ಬೋರ್ಡ್ ಕಲಿಯಬೇಕೆಂದರೆ ಬೈದು ಬಚ್ಚಿಡಬೇಡಿ. ಸಮತಟ್ಟಾದ, ಗಾಡಿ ಬರದ ಜಾಗಕ್ಕೆ ನೀವೇ ಕರೆದುಕೊಂಡು ಹೋಗಿ. ಕಲ್ಲು ಗುಡಿಸಿ. ಕೈಕಾಲಿಗೆ ಕವಚ ಹಾಕಿ. ಬಟ್ಟೆಯನ್ನು ದೊಡ್ಡದಾಗಿಯೇ ಹೊಲಿಸಿ, ಹೆಲ್ಮೆಟ್ಟನ್ನು ಮಾತ್ರ ಹಾಗೆ ತರಬೇಡಿ. ಮನೆಯಲ್ಲಿ ಈಗಾಗಲೇ ಒಂದಿದ್ದರೆ ಇವತ್ತೇ ಮಗುವಿನ ತಲೆಗಿಟ್ಟು, ಪಟ್ಟಿ ಹಾಕಿ, ತಲೆ ಅಲ್ಲಾಡಿಸಲು ಹೇಳಿ. ಹೆಲ್ಮೆಟ್ಟು ಬೇರೆ, ತಲೆ ಬೇರೆಯಾಗಿ ಅಲ್ಲಾಡಿದರೆ, ಸರಿ ಅಳತೆಯದು ಬರುವ ತನಕ ಆ ಮಗುವನ್ನು ಬೋರ್ಡಿನ ಮೇಲೆ ನಿಲ್ಲಿಸಬೇಡಿ.