ಸಾಯುವ ದೃಶ್ಯ

ಹಾಸಿಗೆ ಕಂಪನಿಯ ವಾರ್ಷಿಕೋತ್ಸವದ ನಾಟಕದಲ್ಲಿ, ತುಂಬಿದ ಸಭೆಯ ಎದುರು, ಮ್ಯಾನೇಜರ್ ತಮ್ಮ ಹಳೆಯ ಮಾರಾಟಗಾರನನ್ನು ನಿಜವಾಗಿಯೇ ಕೆಲಸದಿಂದ ತೆಗೆದರು. ಅದು ನಿಜವೆಂದು ಅವನಿಗೆ ಯಾರೂ ಹೇಳಲಿಲ್ಲ.

ನಾಟಕದಲ್ಲಿ ಅವನದು ಮಾರಾಟಗಾರನ ಪಾತ್ರ, ಮ್ಯಾನೇಜರರದು ಮ್ಯಾನೇಜರ್ ಪಾತ್ರ. ಅಭ್ಯಾಸದಲ್ಲಿ ಅವರು ಹೇಳುತ್ತಿದ್ದ ಮಾತು, "ಇನ್ನೊಂದು ತಿಂಗಳು ನೋಡೋಣ." ರಂಗದ ಮೇಲೆ ಹೇಳಿದ್ದು, "ನಾಳೆಯಿಂದ ಬರಬೇಡಿ. ಬ್ಯಾಡ್ಜ್ ಕೊಟ್ಟು ಹೋಗಿ." ಪಾಪ, ಸಾಹೇಬರಿಗೆ ಮಾತು ಮರೆತುಹೋಯಿತು ಅಂದುಕೊಂಡ ಮಾರಾಟಗಾರ. ಜೊತೆಯ ನಟನ ಮಾನ ಉಳಿಸಬೇಕಲ್ಲ? ಎದೆಯ ಬ್ಯಾಡ್ಜ್ ಬಿಚ್ಚಿ ಅವರ ಕೈಗಿಟ್ಟ. ಮೊಣಕಾಲೂರಿ ಬಿಕ್ಕಿ ಬಿಕ್ಕಿ ಅತ್ತ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ನಾಟಕದ ಕೊನೆಗೆ, ಬರೆದಿದ್ದಂತೆಯೇ, ಕಂಪನಿಯ ಹೊಸ ಸ್ಪ್ರಿಂಗ್ ಹಾಸಿಗೆಯ ಮೇಲೆ ಮಲಗಿ ಸತ್ತ. ಮ್ಯಾನೇಜರ್ ಹೆಣದ ಪಕ್ಕ ನಿಂತು, "ಬದುಕಿದ್ದಾಗ ಇಲ್ಲದ ನೆಮ್ಮದಿ ಈ ಹಾಸಿಗೆಯಲ್ಲಿ ಸಿಕ್ಕಿತು" ಎಂದರು. ವ್ಯಾಪಾರಕ್ಕೆ ಹೆಣವೂ ಒದಗುತ್ತದೆ.

ಮರುದಿನ ಗೇಟಿನವನು ಕೈಕುಲುಕಿದ. "ಅಣ್ಣಾ, ಏನ್ ಆಕ್ಟಿಂಗು! ನಮ್ಮನೆಯವಳು ಇನ್ನೂ ಅಳ್ತಿದ್ದಾಳೆ."

"ಸರಿ, ಗೇಟ್ ತೆಗಿ."

"ಅದೊಂದು ಕೇಳಬೇಡಿ. ಒಳಗೆ ಬಿಡಬಾರದಂತೆ."

"ಅದು ನಾಟಕ ಕಣೋ!"

"ನಾನೂ ಹಾಗೇ ಅಂದೆ. ಬ್ಯಾಡ್ಜ್ ಇದೆಯಾ ಕೇಳು ಅಂದರು ಸಾಹೇಬರು."

ಅವನ ಕೈ ಎದೆಗೆ ಹೋಯಿತು. ಅಂಗಿಯಲ್ಲಿ ಪಿನ್ನಿನ ತೂತು ಮಾತ್ರ ಇತ್ತು.

ಮನೆಯಲ್ಲಿ ಹೆಂಡತಿ ಬಟ್ಟೆ ಮಡಚುತ್ತಿದ್ದಳು. ಗೇಟಿನ ವಿಷಯ ಕೇಳಿ ಅಲ್ಲೇ ಕೂತುಬಿಟ್ಟಳು.

"ಅವರಿಗೆ ಮಾತು ಮರೆತಿತ್ತು ಕಣೇ. ನಾನು ಸಂಭಾಳಿಸಿದೆ ಅಷ್ಟೇ."

"ಮರೆತವರು ತಡವರಿಸ್ತಾರೆ ಕಣ್ರೀ. ಆ ಮನುಷ್ಯ ತಡವರಿಸಲೇ ಇಲ್ಲ. ರೂಮಿಗೆ ಕರೆದು ಹೇಳಿದ್ರೆ ನೀವು ಜಗಳ ಆಡ್ತಿದ್ರಿ. ಸ್ಟೇಜ್ ಮೇಲೆ ಏನು ಮಾಡ್ತೀರಿ, ಅಳ್ತೀರಿ." ಬಾಯಿಗೆ ಸೆರಗು ಒತ್ತಿಕೊಂಡಳು. "ಅಯ್ಯೋ, ನಾನೂ ಚಪ್ಪಾಳೆ ತಟ್ಟಿದೆನಲ್ಲ!"

ಪ್ರತಿ ವಾರ್ಷಿಕೋತ್ಸವದಲ್ಲೂ ಇದೇ ಮ್ಯಾನೇಜರ್ ಅವನ ಹೆಗಲ ಮೇಲೆ ಕೈಯಿಟ್ಟು, "ಮುಂದಿನ ಶೋರೂಮ್ ನಿಮ್ಮದೇ" ಅನ್ನುತ್ತಿದ್ದರು. ಅವನು ಗೋಡೆಯ ಬಣ್ಣ, ಬೋರ್ಡಿನ ಅಕ್ಷರ, ಗಿರಾಕಿಗಳು ಚಪ್ಪಲಿ ಬಿಡುವ ಜಾಗ ಎಲ್ಲ ಮನಸ್ಸಿನಲ್ಲೇ ಗೊತ್ತುಮಾಡಿದ್ದ. ಹಾಗಾದರೆ ಆ ಮಾತು ಯಾವ ನಾಟಕದ್ದು? ಸಾವಿರಾರು ಗಿರಾಕಿಗಳ ಎದುರು ಮಲಗಿ, ಹೊರಳಿ, "ನೋಡಿ, ಸದ್ದೇ ಇಲ್ಲ" ಎಂದು ತೋರಿಸಿದ್ದು ಕೆಲಸವೋ, ಅಭಿನಯವೋ?

ಅಷ್ಟರಲ್ಲಿ ಮ್ಯಾನೇಜರರ ಫೋನ್ ಬಂತು. "ಭಾನುವಾರ ಹೆಡ್ ಆಫೀಸಿನವರ ಮುಂದೆ ಇನ್ನೊಂದು ಶೋ. ನೀವಿಲ್ಲದೆ ಆಗುತ್ತೇನ್ರೀ?"

"ಸಾರ್, ನನ್ನ ಕೆಲಸ?"

"ಮೊದಲು ಚೆನ್ನಾಗಿ ಸಾಯಿರಿ. ಆಮೇಲೆ ನೋಡೋಣ."

"ಹೋಗ್ತೀರಾ?" ಎಂದಳು ಹೆಂಡತಿ.

"ನೋಡೋಣ ಅಂದಿದ್ದಾರಲ್ಲ. ಅದು ಹಳೇ ಮಾತೇ. ಅಭ್ಯಾಸದಲ್ಲಿ ಇದ್ದದ್ದು."

ಭಾನುವಾರ ಪರದೆಯ ಹಿಂದೆ ಮ್ಯಾನೇಜರ್ ತಾವೇ ಅವನ ಬ್ಯಾಡ್ಜನ್ನು ಅದೇ ತೂತಿಗೆ ಚುಚ್ಚಿದರು. ಅವನಿಗೆ ಜೀವ ಬಂದಂತಾಯಿತು. ಕೆಲಸ ಸಿಕ್ಕಿತೋ? ಬರೀ ವೇಷವೋ? ಕೇಳುವಷ್ಟರಲ್ಲಿ ಪರದೆ ಎದ್ದಿತು.

"ನಾಳೆಯಿಂದ ಬರಬೇಡಿ. ಬ್ಯಾಡ್ಜ್ ಕೊಟ್ಟು ಹೋಗಿ," ಎಂದರು ಮ್ಯಾನೇಜರ್, ತಡವರಿಸದೆ.

ಅವನು ಬ್ಯಾಡ್ಜಿನ ಮೇಲೆ ಅಂಗೈ ಒತ್ತಿ ಹಿಡಿದ. "ಸಾರ್, ಇದು ನಾಟಕದ ಮಾತೋ, ನಿಜದ ಮಾತೋ?"

ಮುಂದಿನ ಸಾಲಿನಲ್ಲಿ ಯಾರೋ ಮೂಗು ಒರೆಸಿಕೊಂಡರು. ಮ್ಯಾನೇಜರ್ ಹತ್ತಿರ ಬಂದು, ಹಲ್ಲು ಕಚ್ಚಿಕೊಂಡೇ ನಗುತ್ತಾ, "ಹೋಗಿ ಮಲಗಿ," ಎಂದರು. ಪರದೆಯ ಪಕ್ಕದಿಂದ ಮಾತು ಎತ್ತಿಕೊಡುವವನು ಪಿಸುಗುಟ್ಟಿದ: "ಮಲಗ್ರೀ! ಸಾಯ್ರೀ ಬೇಗ!"

ಹಾಸಿಗೆ ಸಿದ್ಧವಾಗಿತ್ತು. ಪ್ಲಾಸ್ಟಿಕ್ ಹೊದಿಕೆ ಕೂಡ ತೆಗೆದಿರಲಿಲ್ಲ. ಇವನು ಸತ್ತ ಮೇಲೆ ಅದನ್ನು ಮಾರಬೇಕಲ್ಲ. ಅಭ್ಯಾಸಬಲದಿಂದ ಅವನು ಅದನ್ನೊಮ್ಮೆ ಒತ್ತಿ ನೋಡಿದ. ಸ್ಪ್ರಿಂಗಿನ ಸದ್ದೇ ಬರಲಿಲ್ಲ.

ನೆಟ್ಟಗೆ ನಿಂತ.

"ಇಲ್ಲ ಸಾರ್. ನೀವು ಉತ್ತರ ಕೊಡೋವರೆಗೂ ನಾನು ಸಾಯಲ್ಲ."