ಸಾಲಿನ ಕೊನೆಯ ದನಿ

ಪೊಲೀಸ್ ಆ್ಯಕ್ಷನ್ ಆದ ಏಳನೆಯ ವರ್ಷ, ಬಿ.ಎ. ಮುಗಿಸಿ ಹೈದರಾಬಾದಿನಿಂದ ಉದಗೀರಿಗೆ ಮರಳಿದೆ. ನೌಕರಿಗೆಂದು ಹೋದಾಗ ಹೆಣ್ಣುಮಕ್ಕಳ ಶಾಲೆಯ ಮುಖ್ಯಸ್ಥೆ ಸರಸ್ವತಿಬಾಯಿ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆ. ಅವರಿಗೆ ಒಂದೂ ಕೇಳಿಸಲಿಲ್ಲ.

"ಮಾರ್ಕು ಛಲೋ ಅವ. ಆದ್ರ ಶಿವಗಂಗಾ, ಹಿಂದಿನ ಬೆಂಚಿಗಿ ನಿನ್ನ ದನಿ ಮುಟ್ಟಬೇಕಲ್ಲ? ಶನಿವಾರ ಹುಡುಗೇರಿಗಿ ಅಡವಿ ತೋರಿಸಲಾಕ ಒಯ್ಯಲತ್ತೀನಿ. ನೀನೂ ಬಾ. ಆಮ್ಯಾಲ ನೌಕರಿ ಮಾತು."

ಶ್ರಾವಣದ ಮಳೆ. ದಾರಿ ತೋರಿಸುವವಳು ಕುರಿ ಕಾಯುವ ಬಂಡಮ್ಮ. ತಲೆಯ ಮೇಲೆ ಕಂಬಳಿಯ ಕೊಪ್ಪೆ, ಕೈಯಲ್ಲಿ ಕೋಲು. ಹುಡುಗಿಯರನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ಸರಸ್ವತಿಬಾಯಿಯವರನ್ನು ಮುಂದೆ, ನನ್ನನ್ನು ಕೊನೆಗೆ ಹಾಕಿದಳು.

"ಮುಂದ ಗಿಡ ದಟ್ಟ ಅವ, ಯಾರಿಗಿ ಯಾರೂ ಕಾಣಂಗಿಲ್ಲ. ನಾ 'ಹೋಯ್' ಅಂತೀನಿ. ತಂಗಿ, ನೀನೂ 'ಹೋಯ್' ಅಂದ್ರ ನಡುವಿನವ್ರೆಲ್ಲ ಅದಾರ ಅಂತ ತಿಳೀತೀನಿ. ಕುರಿ ಹೊಡಕೊಂಡು ಹೋಗಾಗ ನಾವು ಹಿಂಗೇ ಮಾಡ್ತೀವಿ."

ಮುತ್ತುಗದ ಎಲೆಗಳ ಮೇಲೆ ಮಳೆ ಬಡಿಯುತ್ತಿತ್ತು. ಮುಂದಿನಿಂದ "ಹೋಯ್" ಬಂತು. ನಾನೂ ಅಂದೆ, ನನಗೆ ಮಾತ್ರ ಕೇಳುವಷ್ಟು. ಬಂಡಮ್ಮ ಸಾಲಿನುದ್ದಕ್ಕೂ ಹಿಂದೆ ನಡೆದು ಬಂದಳು. ಗದರಲಿಲ್ಲ, ನಾನಿರುವುದನ್ನು ನೋಡಿ ಹೋದಳು. ಎರಡನೆಯ ಸಲವೂ ಬಂದಳು.

"ಇನ್ನೊಂದ್ಸರ್ತಿ ನಾ ಬರೂದಾದ್ರ ನಿನ್ನ ಕೊರಳಿಗಿ ಗಂಟಿ ಕಟ್ತೀನಿ ನೋಡು!"

ಹುಡುಗಿಯರು ನಕ್ಕರು. ನನ್ನ ಕಿವಿ ಬಿಸಿಯಾಯಿತು.

ಒಂದು ತಗ್ಗಿನ ಕರಿಮಣ್ಣಿನಲ್ಲಿ ನನ್ನ ಮುಂದಿದ್ದ ರಂಭಾಳ ಕಾಲು ಮೊಣಕಾಲಿನವರೆಗೆ ಹೂತಿತು. ಎಳೆದೆ, ಬರಲಿಲ್ಲ. ಅವಳ ಮುಂದಿನವರು ಗಿಡಗಳಲ್ಲಿ ಮರೆಯಾಗಿದ್ದರು.

"ಅಕ್ಕಾ, ನಮಗ ಬಿಟ್ಟು ಹೋದ್ರು," ಎಂದು ಅಳತೊಡಗಿದಳು.

ದೂರದಿಂದ "ಹೋಯ್". ಈ ಸಲ ತೀರ ತೆಳ್ಳಗೆ. ಸರಸ್ವತಿಬಾಯಿ ಕೇಳಿಸಿಕೊಳ್ಳುತ್ತಾರೆ, ಹುಡುಗಿಯರು ಮತ್ತೆ ನಗುತ್ತಾರೆ ಎಂಬ ಅಳುಕು ಬಂತು. ಅದರ ಬೆನ್ನಿಗೇ ದನಿಯೂ ಬಂತು.

"ಹೋಯ್! ನಿಲ್ರೀ! ರಂಭಾನ ಕಾಲು ಸಿಕ್ಕೊಂಡದ!"

ಗಿಡದೊಳಗಿಂದ ಗುಬ್ಬಿಗಳು ಹಾರಿಹೋದವು. ಸಾಲು ನಿಂತಿತು. ಬಂಡಮ್ಮ ಓಡಿ ಬಂದು ಕೋಲಿನಿಂದ ಮಣ್ಣು ಕೆದರಿದಳು. ಕಾಲು ಬಂತು, ಚಪ್ಪಲಿ ಬರಲಿಲ್ಲ.

ಅವಳ ಹಿಂದೆಯೇ ಬಂದ ಸರಸ್ವತಿಬಾಯಿ ನನ್ನನ್ನೇ ನೋಡಿದರು. "ಛಲೋ ಆತು. ಸೋಮವಾರದಿಂದ ಐದನೇ ವರ್ಗ ನಿಂದು. ಬರ್ತಿಯಲ್ಲ?"

ತಲೆಯಾಡಿಸಿದೆ.

"ತಲಿ ಆಡಿಸಿದ್ರ ಮುಂದಿನವ್ರಿಗಿ ಹ್ಯಾಂಗ ತಿಳೀಬೇಕು, ತಂಗಿ?" ಎಂದಳು ಬಂಡಮ್ಮ.

"ಬರ್ತೀನ್ರೀ!" ಎಂದು ಕೂಗಿದೆ.

ಗಿಡಗಳಾಚೆಯಿಂದ ಹುಡುಗಿಯರೆಲ್ಲ ಒಟ್ಟಿಗೇ "ಹೋಯ್" ಎಂದರು.