ಸೊರಬದ ಮಾವನ ಫಟಫಟಿ

ಶಿಕಾರಿಪುರದ ಬಸ್ ಸ್ಟ್ಯಾಂಡಿನ ಹಿಂದುಗಡೆ ಬೆನಕಪ್ಪನ ರಿಪೇರಿ ಶೆಡ್ಡು ಇತ್ತು. ಆಯಿಲ್ ಇಂಜಿನ್ನು, ನೀರೆತ್ತುವ ಪಂಪು, ಹಿಟ್ಟಿನ ಗಿರಣಿಯ ಸಾಮಾನು, ಏನು ಕೆಟ್ಟರೂ ಸುತ್ತಲ ಹಳ್ಳಿಯವರು ಎತ್ತಿನ ಗಾಡಿಗೆ ಹಾಕಿಕೊಂಡು ಅಲ್ಲಿಗೇ ತರುತ್ತಿದ್ದರು. ಕಬ್ಬಿಣದ ಸದ್ದಿನ ನಡುವೆ ದಿನ ಕಳೆಯುತ್ತಿದ್ದ ಬೆನಕಪ್ಪನಿಗೆ ಮನೆಯಲ್ಲಿ ಕೇಳಿಬರುತ್ತಿದ್ದುದು ಒಂದೇ ಒಂದು ಯಂತ್ರದ ಸುದ್ದಿ. ಅದು ಹೆಂಡತಿ ಸರ್ವಮಂಗಳಳ ಸೋದರಮಾವ ಪಂಚಾಕ್ಷರಪ್ಪನವರ ಫಟಫಟಿ.

ಪಂಚಾಕ್ಷರಪ್ಪನವರು ಸೊರಬದಲ್ಲಿ ಬೆಲ್ಲದ ವ್ಯಾಪಾರ ಮಾಡುತ್ತಿದ್ದವರು. ಪ್ರಾಯದಲ್ಲಿ ಹುಬ್ಬಳ್ಳಿಗೆ ಹೋದವರು ಬರುವಾಗ ಮೋಟಾರ್ ಸೈಕಲ್ ಏರಿಕೊಂಡೇ ಬಂದರಂತೆ. ಅಜ್ಜಿಯ ಮನೆಯಲ್ಲಿ ಬೆಳೆಯುತ್ತಿದ್ದ ಪುಟ್ಟ ಸರ್ವಮಂಗಳಳನ್ನು ಟ್ಯಾಂಕಿನ ಮೇಲೆ ಕೂರಿಸಿಕೊಂಡು ಊರೆಲ್ಲ ಸುತ್ತಿಸುತ್ತಿದ್ದರಂತೆ. ಮುಂದೆ ಯುದ್ಧದ ಕಾಲಕ್ಕೆ ಪೆಟ್ರೋಲು ಸಿಗದೆ ಗಾಡಿ ಮೂಲೆ ಸೇರಿತು, ಆಮೇಲೆ ಯಾರ ಪಾಲಾಯಿತೋ ಗೊತ್ತಿಲ್ಲ. ಸರ್ವಮಂಗಳಳದು ಮಾತು ಕಮ್ಮಿ. ಆದರೆ ಫಟಫಟಿಯ ವಿಷಯ ಬಂದರೆ ಒಲೆಯ ಮೇಲಿನ ಹಾಲು ಉಕ್ಕಿದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ.

ಹೊಸ ಮೈಸೂರು ರಾಜ್ಯವಾಗಿ ಒಂದೆರಡು ವರ್ಷವಾಗಿರಬೇಕು. ಬೆನಕಪ್ಪ ದಾವಣಗೆರೆಗೆ ಸಾಮಾನು ತರಲು ಹೋದಾಗ ಗುಜರಿ ಅಂಗಡಿಯಲ್ಲಿ ಮಿಲಿಟರಿಯವರು ಬಿಟ್ಟುಹೋದ ಮೋಟಾರ್ ಸೈಕಲ್ಲೊಂದು ಕಂಡಿತು. ಟ್ಯಾಂಕಿಲ್ಲ, ಹಿಡಿಯಿಲ್ಲ, ಸೀಟಿನ ಜಾಗದಲ್ಲಿ ಹುಲ್ಲು ಬೆಳೆದಿತ್ತು. ಇಂಜಿನ್ನು ಮಾತ್ರ ಕೈಯಿಂದ ಸುತ್ತಿಸಿದರೆ ತಿರುಗುತ್ತಿತ್ತು. ಅವನು ಅದನ್ನು ಬಸ್ಸಿನ ತಲೆಯ ಮೇಲೆ ಕಟ್ಟಿಸಿಕೊಂಡು ಬಂದ.

ಮಾರನೆಯ ದಿನ ರೊಟ್ಟಿ ಬುತ್ತಿ ತಂದ ಸರ್ವಮಂಗಳ ಅದರ ಸುತ್ತ ಒಂದು ಸುತ್ತು ಬಂದಳು.

"ಮಾವಂದು ಹಿಂಗಿರ್ಲಿಲ್ಲ ಬಿಡ್ರಿ," ಅಂದಳು.

"ಮಿಲಿಟರಿದು ಇದು. ಹೆಂಗಿರ್ತೈತಿ?"

"ಅವರದು ಮೈ ಸಣ್ಣಗಿತ್ತು. ಕುದುರೆಮರಿ ಹಂಗೆ."

ಇದ್ದದ್ದನ್ನು ಇದ್ದಂತೆಯೇ ಸರಿಮಾಡಿ ಓಡಿಸಬೇಕೆಂದಿದ್ದ ಬೆನಕಪ್ಪನಿಗೆ ಏನನ್ನಿಸಿತೋ, "ಹೆಂಗಿತ್ತು, ಬರೆದು ತೋರ್ಸು ನೋಡಣ," ಅಂದ. ಮರುದಿನ ಬೆಳಿಗ್ಗೆ ಮನೆಯ ಬಾಗಿಲಿಗೆ ರಂಗೋಲಿ ಹಾಕಿ ಮುಗಿಸಿದವಳು ಉಳಿದ ಪುಡಿಯಲ್ಲಿ ಹಿತ್ತಲ ಕಲ್ಲುಹಾಸಿನ ಮೇಲೆ ಗಾಡಿಯನ್ನೇ ಬರೆದಳು. ದೊಡ್ಡ ಚಕ್ರ, ಎರಡು ಪೈಪುಗಳ ನಡುವೆ ತೂಗುಬಿಟ್ಟಂಥ ಚಪ್ಪಟೆ ಟ್ಯಾಂಕು, ಹಿಂದಿನ ಚಕ್ರಕ್ಕೆ ಚೈನಿನ ಬದಲು ಚರ್ಮದ ಪಟ್ಟೆ, ಮುಂದೆ ಗ್ಯಾಸ್ ದೀಪ, ಎಮ್ಮೆಯ ಕೊಂಬಿನಂತೆ ಅಗಲಕ್ಕೆ ಚಾಚಿದ ಹಿಡಿ. ಬೆನಕಪ್ಪ ಹಲ್ಲುಜ್ಜುವುದನ್ನು ಮರೆತು ನೋಡುತ್ತ ನಿಂತ.

ಅಂದಿನಿಂದ ಕೆಲಸ ಶುರುವಾಯಿತು. ಕಮ್ಮಾರ ಜಟ್ಟಪ್ಪ ಪೈಪಿಗೆ ಮರಳು ತುಂಬಿ, ಕುಲುಮೆಯಲ್ಲಿ ಕಾಯಿಸಿ, ಹಿಡಿಯನ್ನು ಬಗ್ಗಿಸಿ ಕೊಟ್ಟ. ಮರಳು ತುಂಬದಿದ್ದರೆ ಪೈಪು ಬಗ್ಗುವಲ್ಲಿ ಚಪ್ಪಟೆಯಾಗುತ್ತದೆ. "ಇಷ್ಟು ಅಗಲ ಯಾಕ್ರಿ? ದಾರ್ಯಾಗೆ ಎದುರಿಗೆ ಗಾಡಿ ಬಂದ್ರೆ ಏನ್ಮಾಡ್ತೀರಿ?" ಎಂದು ಜಟ್ಟಪ್ಪ ಕೇಳಿದ. "ನಮ್ಮ ಮನೆಯಾಕೆ ಹೇಳಿದ್ದು ಹಂಗೆ," ಅಂದ ಬೆನಕಪ್ಪ. ಗಿರಣಿಯ ಹಳೇ ಪಟ್ಟೆಯನ್ನು ಸೀಳಿ ಹೊಲಿದು ಹಿಂದಿನ ಚಕ್ರಕ್ಕೆ ಹೊಂದಿಸಿದ. ತಗಡಿನ ಟ್ಯಾಂಕು ಮೊದಲ ಸಲ ಸೋರಿತು, ಎರಡನೆಯ ಸಲವೂ ಸೋರಿತು.

ಆ ದಿನವೇ ಸರ್ವಮಂಗಳ ಟ್ಯಾಂಕಿನ ಮೂಲೆ ಇನ್ನೂ ಗುಂಡಗಿರಬೇಕು ಅಂದಳು. ಬೆನಕಪ್ಪ ಬೆಸುಗೆಯ ಕೋಲನ್ನು ಕೆಳಗಿಟ್ಟು, "ಹಂಗಾರೆ ನೀನೇ ಮಾಡು," ಅಂದ. ಅವಳು ಸೆರಗು ಸಿಕ್ಕಿಸಿ ಕುಳಿತೇಬಿಟ್ಟಳು. ಅವಳ ಮೊದಲ ಬೆಸುಗೆ ಹಪ್ಪಳದ ಹಿಟ್ಟಿನಂತೆ ಮುದ್ದೆಯಾಯಿತು. ಇಬ್ಬರೂ ಅದನ್ನು ನೋಡಿ ನಕ್ಕರು, ಜಗಳ ಅಲ್ಲಿಗೇ ಮುಗಿಯಿತು. ಆಮೇಲೆ ದಿನಾ ಮಧ್ಯಾಹ್ನ ಅವಳು ಶೆಡ್ಡಿಗೆ ಬರುವುದೇ ಆಯಿತು. ಪಾನಾ ಹಿಡಿದು ನಟ್ಟು ಬಿಗಿಯಲು ಕಲಿತಳು, ತಿಕ್ಕುಕಾಗದದಲ್ಲಿ ಕಬ್ಬಿಣ ತಿಕ್ಕಿದಳು. ಪಂಪು ರಿಪೇರಿಗೆ ಬಂದವರು ಮೊದಮೊದಲು ಸಂಕೋಚದಿಂದ ಹೊರಗೇ ನಿಲ್ಲುತ್ತಿದ್ದರು, ಬರುಬರುತ್ತ "ಅಕ್ಕಾರೆ, ನಮ್ಮದು ಆತೇನ್ರಿ?" ಎಂದು ಅವಳನ್ನೇ ಕೇಳತೊಡಗಿದರು. ಟ್ಯಾಂಕಿಗೆ ಎಳೆ ಬಾಳೆಯೆಲೆಯ ಹಸಿರು ಬಣ್ಣವನ್ನು ಹುಡುಕಿ ತರಿಸಿದ್ದು ಅವಳೇ. ಅಂಚಿಗೆ ಹಳದಿ ಗೆರೆ ಎಳೆದದ್ದೂ ಅವಳ ಕೈಯೇ.

ಸುಗ್ಗಿ ಮುಗಿದು ದಾರಿ ಒಣಗಿದ ಮೇಲೆ ಒಂದು ಬೆಳಿಗ್ಗೆ ಇಬ್ಬರೂ ಸೊರಬಕ್ಕೆ ಹೊರಟರು. ಬೆನಕಪ್ಪ ಗಾಡಿಯನ್ನು ನೂಕಿಕೊಂಡು ಓಡಿ ಮೇಲೆ ಹಾರಿ ಕುಳಿತ. ಇಂಜಿನ್ನು ಕೆಮ್ಮಿ, ಕೆಮ್ಮಿ, ಹತ್ತಿಕೊಂಡಿತು. ಸರ್ವಮಂಗಳ ಹಿಂದೆ ಒಂದು ಪಕ್ಕಕ್ಕೆ ಕುಳಿತು ಅವನ ಸೊಂಟ ಹಿಡಿದಳು. ಶಿರಾಳಕೊಪ್ಪದ ತನಕ ಗಾಡಿ ಚೆನ್ನಾಗಿಯೇ ಓಡಿತು. ಮುಂದೆ ಒಂದು ಹಳ್ಳ ದಾಟುವಾಗ ನೀರು ಸಿಡಿದು ಪಟ್ಟೆ ಒದ್ದೆಯಾಯಿತು. ಆಚೆಯ ಏರಿನಲ್ಲಿ ಇಂಜಿನ್ನು ಒದರುತ್ತಿತ್ತು, ಚಕ್ರ ಮಾತ್ರ ತಿರುಗಲೊಲ್ಲದು. ಪಟ್ಟೆ ಜಾರುತ್ತಿತ್ತು.

ಇಬ್ಬರೂ ಇಳಿದು ಹೊಂಗೆಯ ನೆರಳಿಗೆ ನೂಕಿದರು.

"ಮಾವ ಏರು ಬಂದಾಗೆಲ್ಲ ಇಳಿದು ವಿಭೂತಿ ಹಚ್ತಿದ್ರು," ಅಂದಳು ಸರ್ವಮಂಗಳ.

"ಯಾತಕ್ಕೆ?"

"ಗಾಡಿಗೆ. ಜೇಬಿನಾಗಿಂದ ತೆಗೆದು ಹಿಂಗೆ ಉದುರಿಸ್ತಿದ್ರು. ಭಾಳ ದೈವಭಕ್ತಿ ಅಂತ ನಾನು ಅಂದ್ಕೊಂಡಿದ್ದೆ."

ಬೆನಕಪ್ಪ ಅವಳ ಮುಖ ನೋಡಿದ, ಪಟ್ಟೆ ನೋಡಿದ, ಹೊಟ್ಟೆ ಹಿಡಿದುಕೊಂಡು ನಕ್ಕ. "ಅದು ವಿಭೂತಿ ಅಲ್ಲ ಮಂಗಳಾ. ರಾಳದ ಪುಡಿನೋ ಏನೋ ಇರ್ಬೇಕು. ಪಟ್ಟೆ ಜಾರಬಾರದು ಅಂತ ಗಿರಣ್ಯಾಗೂ ಹಾಕ್ತಾರೆ."

ರಾಳ ಅವರ ಬಳಿ ಇರಲಿಲ್ಲ. ಸರ್ವಮಂಗಳಳ ಚೀಲದಲ್ಲಿ ಮಾವನಿಗೆಂದು ತಂದ ವಿಭೂತಿ ಗಟ್ಟಿ ಇತ್ತು. ಅವಳು ಕ್ಷಣ ಹಿಂದೆಮುಂದೆ ನೋಡಿ, ಕಣ್ಣಿಗೊತ್ತಿಕೊಂಡು, ಒಂದು ಮೂಲೆ ಮುರಿದು ಪುಡಿಮಾಡಿದಳು. ಪಟ್ಟೆಯನ್ನು ಬಟ್ಟೆಯಿಂದ ಒರೆಸಿ, ಬಿಸಿಲಿಗೆ ಒಣಗಿಸಿ, ಉದ್ದಕ್ಕೂ ಪುಡಿ ತಿಕ್ಕಿದರು. ಗಾಡಿ ಏರು ಹತ್ತಿತು.

ಸೊರಬದಲ್ಲಿ ಪಂಚಾಕ್ಷರಪ್ಪನವರು ಜಗಲಿಯ ಮೇಲೆ ಕುಳಿತಿದ್ದರು. ಸದ್ದು ಕೇಳಿ ಕತ್ತೆತ್ತಿದರು. ಗಾಡಿ ಬಂದು ಮುಂದೆ ನಿಂತಿತು. ಕೋಲೂರಿಕೊಂಡು ಇಳಿದು ಸುತ್ತಲೂ ನಡೆದು, ಟ್ಯಾಂಕನ್ನು ಮುಟ್ಟಿ, ಪಟ್ಟೆಯನ್ನು ಬೆರಳಿನಿಂದ ಎಳೆದು ನೋಡಿದರು.

"ನಿಮ್ಮ ಗಾಡಿ ಮಾವ," ಅಂದಳು ಸರ್ವಮಂಗಳ. "ಇವರು ಕಟ್ಯಾರೆ."

"ಬಹಳ ಚೆನ್ನಾಗಿದೆ ಕಣೇ. ಆದ್ರೆ ನನ್ನ ಗಾಡಿ ಹೀಗಿರ್ಲಿಲ್ಲ."

ಅವಳ ಮುಖ ಸಣ್ಣದಾಯಿತು. "ಹಸಿರು ಬಣ್ಣ ಇತ್ತಲ್ಲ?"

"ಕಪ್ಪು. ಹಸಿರಾಗಿದ್ದಿದ್ದು ನಿನ್ನ ಲಂಗ. ಟ್ಯಾಂಕಿನ ಮೇಲೆ ಕೂತ್ರೆ ಅದೇ ತುಂಬಾ ಹರಡ್ಕೊಳ್ತಿತ್ತು." ಅವರು ಹಿಡಿಯ ಎರಡೂ ತುದಿಗೆ ಕೈ ಚಾಚಿದರು. "ಇದೂ ಇಷ್ಟು ಅಗಲ ಇರ್ಲಿಲ್ಲ. ನೀನು ನಡುವೆ ಕೂರ್ತಿದ್ದೆ. ಇಷ್ಟೇ ಇಷ್ಟಿದ್ದೆ ನೋಡು, ನಿನಗೆ ಹಾಗೆ ಕಂಡಿರ್ಬೇಕು."

ಸರ್ವಮಂಗಳ ಗಂಡನ ಕಡೆ ತಿರುಗಿದಳು. ಇಷ್ಟು ತಿಂಗಳು ತಪ್ಪು ಹೇಳಿ ಮಾಡಿಸಿದೆನಲ್ಲ ಎಂಬಂತಿತ್ತು ಆ ನೋಟ. ಬೆನಕಪ್ಪನಿಗೆ ಬೇಸರವೇ ಆಗಲಿಲ್ಲ. ಹಸಿರು ಲಂಗ ಹರಡಿಕೊಂಡು, ಕೈಗೆಟುಕದಷ್ಟು ಅಗಲದ ಹಿಡಿಗಳ ನಡುವೆ ಕುಳಿತ ಪುಟ್ಟ ಹುಡುಗಿ ಅವನ ಕಣ್ಣಿಗೆ ಕಟ್ಟಿದಳು. ಅವಳನ್ನು ಅವನು ಎಂದೂ ಕಂಡಿರಲಿಲ್ಲ. ಈಗ ಕಂಡಂತಾಯಿತು.

"ನನಗೆ ಇದೇ ಸೇರ್ತೈತಿ ಮಾವಾರೆ," ಅಂದ.

"ಸೇರಲಿ, ಅದಕ್ಕಿಂತ ಇದೇ ವಾಸಿ," ಅಂದರು ಪಂಚಾಕ್ಷರಪ್ಪನವರು. ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ರಾಜೇಶ್ವರಮ್ಮ ಬಾಯಿ ಹಾಕಿದರು. "ಅದು ಆನವಟ್ಟಿಗೆ ಅಂತ ಹೋದ್ರೆ ವಾಪಸ್ ಬರ್ತಿದ್ದಿದ್ದು ಎತ್ತಿನ ಗಾಡಿ ಮೇಲೆ. ಅದನ್ಯಾಕೆ ಹೇಳಲ್ಲ ಇವರು?"

ಊಟವಾದ ಮೇಲೆ ಪಂಚಾಕ್ಷರಪ್ಪನವರು ಪಂಚೆ ಮೇಲೆ ಕಟ್ಟಿ ಗಾಡಿ ಹತ್ತಿದರು. ಮೊಣಕಾಲು ಬಗ್ಗದೆ ಓಡಲಾಗದ್ದರಿಂದ ಬೆನಕಪ್ಪ ಹಿಂದಿನಿಂದ ನೂಕಿ, ತಾನೂ ಹಾರಿ ಕುಳಿತ. ಮೊದಲು ಗಾಡಿ ಬೇಲಿಯ ಕಡೆ ಎಳೆಯಿತು. ಆಮೇಲೆ ಮುದುಕರ ಭುಜ ಸಡಿಲವಾಯಿತು, ಗಾಡಿ ನೆಟ್ಟಗಾಯಿತು. ಊರ ಹೊರಗಿನ ಗದ್ದೆಬಯಲಿನ ತನಕ ಹೋಗಿ ಬಂದು, ಇಳಿದ ಮೇಲೆ ಅವರು ಎರಡು ಲೋಟ ಮಜ್ಜಿಗೆ ಕೇಳಿ ಕುಡಿದರು.

ಮರುದಿನ ವಾಪಸು ಬರುವಾಗ ಶಿರಾಳಕೊಪ್ಪಕ್ಕೆ ಇನ್ನೂ ದೂರವಿತ್ತು. ದಾರಿ ನೇರವಾಗಿ ಬರಿದಾಗಿ ಬಿದ್ದಿತ್ತು. ಸರ್ವಮಂಗಳ ಗಂಡನ ಬೆನ್ನು ತಟ್ಟಿದಳು.

"ಒಂದಿಷ್ಟು ನಿಲ್ಸ್ರಿ. ನಾನು ನಡೆಸ್ತೀನಿ."

ಬೆನಕಪ್ಪ ಆ ಕಡೆ ಈ ಕಡೆ ನೋಡಿದ. ಹೊಲದಲ್ಲಿ ಒಬ್ಬ ರೈತ ಎತ್ತುಗಳಿಗೆ ನೀರು ಕುಡಿಸುತ್ತಿದ್ದ, ಅಷ್ಟೇ. ಅವಳು ಸೀರೆಯನ್ನು ಕಚ್ಚೆ ಹಾಕಿ ಸಿಕ್ಕಿಸಿ ಹತ್ತಿದಳು. ಅವನು ಪಕ್ಕದಲ್ಲಿ ನಿಂತು, ಎಲ್ಲಿ ಬ್ರೇಕು, ಓಟ ಹೆಚ್ಚಿಸಲು ಎಣ್ಣೆ ಬಿಡುವುದು ಎಲ್ಲಿ ಎಂದು ಕಿವಿಯ ಬಳಿ ಹೇಳಿಕೊಟ್ಟ. ಗಾಡಿಯನ್ನು ಕಟ್ಟಿದವಳಿಗೆ ಅದೆಲ್ಲ ಗೊತ್ತಿದ್ದದ್ದೇ. ಅವನು ನೂಕಿ ಹಿಂದೆ ಹಾರಿ ಕುಳಿತ, ಗಾಡಿ ಹೊರಟಿತು. ರೈತ ಕೈಯನ್ನು ಹಣೆಗಿಟ್ಟು ನೋಡಿದ, ಸರ್ವಮಂಗಳ ಅವನ ಕಡೆ ತಿರುಗಲಿಲ್ಲ.

"ಮೆತ್ತಗೆ," ಅಂದ ಬೆನಕಪ್ಪ.

"ಮೆತ್ತಗೇ ಹೋಗ್ತಾ ಐತಲ್ರಿ," ಅಂದಳು ಅವಳು, ಇನ್ನೊಂದಿಷ್ಟು ಎಣ್ಣೆ ಬಿಟ್ಟಳು.